ಭತ್ತದ ಚೀಲಗಳ ಆಂಡಿಸ್ ಪರ್ವತ

ನಿಮ್ಮ ಊರಿನ ಬೆಳೆಯನ್ನು ಹೊರಗೆ ಒಯ್ಯುವ ರಸ್ತೆ ನಾಳೆ ಬೆಳಿಗ್ಗೆ ಮುಚ್ಚಿತೆಂದು ಇಟ್ಟುಕೊಳ್ಳಿ. ನಾಡಿದ್ದು ನಿಮ್ಮ ಊರು ಏನು ಮಾಡುತ್ತದೆ?

ಈ ಪ್ರಶ್ನೆಯನ್ನು ನನಗೆ ಕೇಳಿದವರು ಸವಣೂರಿನ ಒಬ್ಬ ಎಲೆಬಳ್ಳಿಯ ಬೆಳೆಗಾರರು. ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರವಿತ್ತು. ಆದರೆ ಅದನ್ನು ನಾನೇ ನನ್ನ ಕಡತದ ತಳಕ್ಕೆ, ಬೇರೆ ಹಾಳೆಗಳ ಕೆಳಗೆ ಸೇರಿಸಿಟ್ಟಿದ್ದೆ. ಯಾಕೆ ಹಾಗೆ ಮಾಡಿದೆ, ಮುಂದೆ ಏನಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಬೆಳೆಗಾರರು ಸೇರಿ ಕಟ್ಟಿಕೊಂಡ ಒಂದು ಸಣ್ಣ ಕೂಟದಲ್ಲಿ ನಾನು ಸಂಯೋಜಕಿ. ಹಾನಗಲ್ಲಿನ ಮಾವು, ಶಿಗ್ಗಾವಿಯ ತರಕಾರಿ, ಸವಣೂರಿನ ವೀಳ್ಯದೆಲೆ, ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಸುತ್ತಲಿನ ತರಕಾರಿ ಬೀಜ ಇವೆಲ್ಲ ಒಂದೇ ಹೆಸರಿನಡಿ ಹೊರಗೆ ಹೋಗಬೇಕೆಂಬುದು ನಮ್ಮ ಕನಸು. ಕಳೆದ ಮಳೆಗಾಲದಲ್ಲಿ ಕೂಟದ ಮುಂದೆ ಒಂದೇ ಒಂದು ಪ್ರಸ್ತಾವವಿತ್ತು: ತಡಸದಲ್ಲಿ, ಹೆದ್ದಾರಿಯ ಬದಿಗೆ, ನಾಲ್ಕೂ ತಾಲ್ಲೂಕುಗಳಿಗೆ ಸೇರಿ ಒಂದು ದೊಡ್ಡ ಸಂಗ್ರಹ ಕೇಂದ್ರ ಕಟ್ಟುವುದು. ತಂಪು ಕೊಠಡಿ, ವಿಂಗಡಣೆಯ ಕಟ್ಟೆ, ಲಾರಿ ನಿಲ್ಲುವ ಅಂಗಳ ಎಲ್ಲವೂ ಅಲ್ಲಿಯೇ. ಜಾಗದ ಒಡೆಯರು ಸರ್ವಸಾಧಾರಣ ಸಭೆಯ ದಿನದವರೆಗೆ ಮಾತ್ರ ಕಾಯುವುದಾಗಿ ಹೇಳಿದ್ದರು. ಕೇಂದ್ರ ಆರಂಭವಾದರೆ ಕೂಟದ ಲಾರಿ ಬೇರೆಲ್ಲಿಯೂ ನಿಲ್ಲುವುದಿಲ್ಲ. ಸವಣೂರಿನ ತೋಟಗಳ ಬಾಯಿಗೇ ಬಂದು ಸಂಜೆ ಎಲೆ ತುಂಬಿಕೊಳ್ಳುತ್ತಿದ್ದ ಲಾರಿಯೂ ಇನ್ನು ಅಲ್ಲಿಗೆ ಬರುವುದಿಲ್ಲ. ಎಲೆಯವರು ತಮ್ಮ ಬುಟ್ಟಿಗಳನ್ನು ತಡಸಕ್ಕೆ ತಾವೇ ತಲುಪಿಸಬೇಕು.

ನಾನು ಈ ಪ್ರಸ್ತಾವದ ಪರವಾಗಿದ್ದೆ. ಅರೆಮನಸ್ಸಿನಿಂದಲ್ಲ, ಪೂರ್ಣ ನಂಬಿಕೆಯಿಂದ. ಚದುರಿದ ನಾಲ್ಕು ದುರ್ಬಲ ಊರುಗಳಿಗಿಂತ ಒಂದು ಬಲವಾದ ಬಾಗಿಲು ಲೇಸು ಎಂಬುದು ನನ್ನ ವಾದ.

ಕಾಲೇಜಿನ ಚರ್ಚಾಕೂಟದಲ್ಲಿ ನಮ್ಮ ಅಧ್ಯಾಪಕರೊಬ್ಬರು ಒಂದು ಪಾಠ ಹೇಳಿದ್ದರು: ಹತ್ತಿರದ ಉದಾಹರಣೆ ಜಗಳ ತರುತ್ತದೆ, ದೂರದ ಉದಾಹರಣೆ ಯೋಚನೆ ತರುತ್ತದೆ. ಹುಬ್ಬಳ್ಳಿಯ ಮಾತೆತ್ತಿದರೆ ಹಿರೇಕೆರೂರಿನವರು ಮುಖ ತಿರುಗಿಸುತ್ತಾರೆ; ಬ್ಯಾಡಗಿಯ ಮಾತೆತ್ತಿದರೆ ಶಿಗ್ಗಾವಿಯವರು ಎದ್ದು ನಿಲ್ಲುತ್ತಾರೆ. ಯಾರ ಸಿಟ್ಟಿಗೂ ಸಿಗದ ಊರೊಂದು ಬೇಕಿತ್ತು. ಹುಡುಕಿದಾಗ ಸಿಕ್ಕಿದ್ದು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ವಿಯಾವಿಸೆನ್ಸಿಯೊ. ಆ ದೇಶದ ಪೂರ್ವಕ್ಕೆ ಹಾಸಿಕೊಂಡ ವಿಶಾಲ ಹುಲ್ಲು ಬಯಲಿನ ಅಂಚಿನಲ್ಲಿ, ಆಂಡಿಸ್ ಪರ್ವತದ ಬುಡದಲ್ಲಿರುವ ನಗರ. ಮೆಟಾ ಎಂಬ ಪ್ರಾಂತದ ರಾಜಧಾನಿ. ಅದನ್ನು ಅಲ್ಲಿಯ ಜನ ಬಯಲಿನ ಬಾಗಿಲು ಎಂದೇ ಕರೆಯುತ್ತಾರೆ. ಬಯಲಿನಲ್ಲಿ ಮೇಯುವ ದನ, ಬಯಲಿನಲ್ಲಿ ಬೆಳೆಯುವ ಭತ್ತ, ತಾಳೆ ಎಣ್ಣೆ, ನೆಲದಿಂದ ತೆಗೆಯುವ ಪೆಟ್ರೋಲಿಯಂ ಎಲ್ಲದರ ವ್ಯವಹಾರ ಆ ನಗರದ ಸುತ್ತ ಹೆಣೆದುಕೊಂಡಿದೆ. ಅಕ್ಕಿ ಗಿರಣಿಗಳು ಅಲ್ಲಿವೆ, ಸಗಟು ಅಂಗಡಿಗಳು ಅಲ್ಲಿವೆ, ಲಾರಿಗಳ ಸಾಲು ಅಲ್ಲಿದೆ. ದೇಶದ ರಾಜಧಾನಿ ಬೊಗೊಟದಿಂದ ವಾರದ ಕೊನೆಗೆ ಬಿಸಿಲು ಕಾಯಿಸಲು ಬರುವವರಿಂದ ಹೋಟೆಲುಗಳೂ ತುಂಬುತ್ತವೆ.

ಹೋಲಿಕೆ ನನಗೆ ವರದಂತೆ ಕಂಡಿತು. ಅಲ್ಲಿಯೂ ಪಶ್ಚಿಮಕ್ಕೆ ಬೆಟ್ಟ, ಪೂರ್ವಕ್ಕೆ ಬಯಲು. ಅಲ್ಲಿಯ ಹೊಳೆಗಳೂ ನಮ್ಮ ವರದೆಯಂತೆ ಪೂರ್ವದ ಕಡೆಗೇ ಹರಿಯುತ್ತವೆ. ಭತ್ತ ಇದೆ, ದನ ಇದೆ. ಬಾಗಿಲಾದ ಊರು ಬೆಳೆಯಿತು ಎಂಬ ಒಂದು ವಾಕ್ಯವನ್ನು ನಾನು ಕಡತದ ಮೊದಲ ಪುಟದಲ್ಲಿ ಬರೆದು ಅಡಿಗೆರೆ ಎಳೆದೆ.

ಅದೇ ಓದಿನಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತ್ತು. ಆ ನಗರದಿಂದ ಬೊಗೊಟಕ್ಕೆ ಹೋಗುವ ಮುಖ್ಯ ರಸ್ತೆ ಬೆಟ್ಟದ ಮೈಯನ್ನು ಕೊರೆದು ಹೋಗುತ್ತದೆ. ಮಳೆಯಲ್ಲಿ ಗುಡ್ಡ ಜಾರಿ ಅದು ಮತ್ತೆ ಮತ್ತೆ ಮುಚ್ಚುತ್ತದೆ. ಕೆಲವೊಮ್ಮೆ ಗಂಟೆಗಳಲ್ಲ, ವಾರಗಟ್ಟಲೆ. ಆಗ ಬೇರೆ ಬೆಟ್ಟಗಳನ್ನು ಸುತ್ತಿಕೊಂಡು ಹೋಗುವ ದೂರದ ದಾರಿಯೊಂದೇ ಗತಿ. ಈ ಹಾಳೆಯನ್ನು ಮುದ್ರಿಸಿಕೊಂಡೆ, ಓದಿದೆ, ಕಡತದ ತಳಕ್ಕೆ ಹಾಕಿದೆ. ಎದುರಾಳಿಯ ಅಸ್ತ್ರವನ್ನು ನಾವೇ ಅವನ ಕೈಗೆ ಕೊಡಬಾರದು ಎಂಬುದೂ ಚರ್ಚಾಕೂಟದಲ್ಲಿ ಕಲಿತದ್ದೇ.

ಭಾಷಣದಿಂದ ನಮ್ಮ ಬೆಳೆಗಾರರನ್ನು ಒಪ್ಪಿಸಲಾಗದು. ಆದ್ದರಿಂದ ಆ ನಗರವನ್ನು ನೆಲದ ಮೇಲೆ ಕಟ್ಟಿ ತೋರಿಸುವುದೆಂದು ನಿರ್ಧರಿಸಿದೆ. ಸಭೆ ನಡೆಯಬೇಕಾದ್ದು ಹಾನಗಲ್ಲಿನ ನಮ್ಮ ಗೋದಾಮಿನಲ್ಲಿ. ಐದು ದಿನ ಮುಂಚೆ ಅದರ ಸಿಮೆಂಟು ನೆಲವನ್ನು ತೊಳೆಸಿ, ಪಶ್ಚಿಮದ ಗೋಡೆಗುಂಟ ಭತ್ತದ ಚೀಲಗಳನ್ನು ಒಂದರ ಮೇಲೊಂದರಂತೆ ಮೂರು ಮೂರು ಪೇರಿಸಿ ಆಂಡಿಸ್ ಮಾಡಿದೆ. ನೀಲಿ ನೂಲಿನ ಎಳೆಗಳು ಹೊಳೆಗಳಾದವು. ಗದ್ದೆಗಳಿಗೆ ಭತ್ತದ ರಾಶಿ, ದನಗಳಿಗೆ ಹತ್ತಿಕಾಳು, ತಾಳೆ ತೋಟಕ್ಕೆ ಶೇಂಗಾ, ಎಣ್ಣೆ ಬಾವಿಗಳಿಗೆ ಕಪ್ಪಗಿನ ಗುರೆಳ್ಳು. ಕಾಳು ಅಳೆಯುವ ಹಿತ್ತಾಳೆಯ ಸೇರನ್ನು ಬೋರಲು ಹಾಕಿ ಅದನ್ನು ವಿಯಾವಿಸೆನ್ಸಿಯೊ ಎಂದೆ. ಚೀಲಗಳ ಸಾಲಿನಲ್ಲಿ ಒಂದು ಸಂದಿ ಬಿಟ್ಟು, ಅದರ ಆಚೆ ತಾಮ್ರದ ಕೊಡವಿಟ್ಟು ಬೊಗೊಟ ಎಂದೆ. ಸೇರಿಗೆ ಒಂದು ತುದಿ ಸುತ್ತಿ, ಸಂದಿಯೊಳಗಿಂದ ಕೊಡದವರೆಗೆ ನಾರಿನ ಹಗ್ಗವೊಂದನ್ನು ಹಾಸಿದೆ. ಅದು ರಸ್ತೆ.

ಆ ಮಧ್ಯಾಹ್ನ ತಾಲೀಮಿಗೆಂದು ನಾಲ್ವರನ್ನು ಕರೆದಿದ್ದೆ. ಕೂಟದ ಅಧ್ಯಕ್ಷೆ, ಹಾನಗಲ್ಲಿನ ಭತ್ತ-ಮಾವಿನ ಬೆಳೆಗಾರ್ತಿ, ಎಲ್ಲರಿಗೂ ಅಕ್ಕಾರು. ಮೊದಲಲ್ಲಿ ಹೇಳಿದ ಸವಣೂರಿನ ಎಲೆತೋಟದ ಹಿರಿಯರು, ನಾವು ಚಾಚಾ ಎನ್ನುವವರು. ಹಂಸಭಾವಿ ಕಡೆಯ ಒಬ್ಬ ಬೀಜದ ರೈತರು. ಇವರು ತಡಸ ತಮ್ಮೂರಿನಿಂದ ಬಲು ದೂರವೆಂದು ಮೊದಲಿನಿಂದಲೂ ಪ್ರಸ್ತಾವದ ವಿರೋಧಿ. ಮತ್ತೆ ನಮ್ಮ ಕೂಟದ ಲಾರಿ ಚಾಲಕ, ತಡಸದವನು.

"ಏನಂದ್ರಿ ಊರ ಹೆಸರು? ಇನ್ನೊಮ್ಮೆ ಹೇಳ್ರಿ," ಎಂದರು ಬೀಜದ ರೈತರು.

ಹೇಳಿದೆ.

"ಬಾಯಾಗ ಎಲಿ ಇಟ್ಕೊಂಡು ಇದನ್ನ ಅನ್ನಾಕ ಆಗಂಗಿಲ್ಲ ಬೇಟಿ," ಎಂದರು ಚಾಚಾ. "ಎಲ್ಲಾ ಅಂಗಿ ಮ್ಯಾಲ ಬೀಳತೈತಿ. ಬಾಗಲೂರು ಅಂತೇನಿ ನಾ."

ಅಂದಿನಿಂದ ಅದು ನಮಗೆಲ್ಲ ಬಾಗಲೂರೇ ಆಯಿತು.

ನಾನು ಬಯಲಿನಿಂದ ಸೇರಿಗೆ, ಸೇರಿನಿಂದ ಹಗ್ಗಗುಂಟ ಕೊಡಕ್ಕೆ ಭತ್ತದ ಕಾಳುಗಳನ್ನು ಸರಿಸುತ್ತ ಸರಕಿನ ಪಯಣ ವಿವರಿಸಿದೆ. ಅಕ್ಕಾರು ತಲೆಯಾಡಿಸಿದರು. ಚಾಲಕ ಮಾತ್ರ ಮಂಡಿಯೂರಿ ಕುಳಿತು ಹಗ್ಗವನ್ನೇ ನೋಡುತ್ತಿದ್ದ.

"ಮೇಡಂ, ಈ ಕೊಡ ತೆಳಗ ಯಾಕ ಇಟ್ಟೀರಿ?"

"ಅದು ಗುಡ್ಡದ ಆಚೀಕ ಐತಿ, ಅದಕ್ಕ."

"ಆಚೀಕೊ, ಮ್ಯಾಲೊ?"

ನಾನು ಕಡತ ತೆರೆದೆ. ಬೊಗೊಟ ಪರ್ವತದ ನೆತ್ತಿಯ ಪ್ರಸ್ಥಭೂಮಿಯಲ್ಲಿದೆ ಎಂದು ನನ್ನ ಕೈಬರಹದಲ್ಲೇ ಇತ್ತು. "ಮ್ಯಾಲ," ಎಂದೆ.

"ಹಂಗಾರ ಕೊಡಾ ಚೀಲದ ಮ್ಯಾಲ ಇಡ್ರಿ," ಎಂದು ಅವನೇ ಎದ್ದು ಕೊಡವನ್ನು ಮೂರನೆಯ ಚೀಲದ ಮೇಲೆ ಇಟ್ಟ. ಹಗ್ಗದ ತುದಿಯನ್ನು ಹಿಡಿದು ಮೇಲಕ್ಕೆ ಎಳೆದ. ಅದು ಸೇರನ್ನು ಉರುಳಿಸಿತೇ ಹೊರತು ಕೊಡದ ಬುಡ ಮುಟ್ಟಲಿಲ್ಲ. "ನೋಡ್ರಿ, ಹಗ್ಗ ಸಾಲವಲ್ದು."

ನನ್ನ ತಪ್ಪು ಎಲ್ಲಿತ್ತೆಂದು ಆಗ ಹೊಳೆಯಿತು. ನಾವು ಘಟ್ಟದ ಮೇಲಿನ ನೆಲದವರು. ನಮಗೆ ಘಟ್ಟವೆಂದರೆ ಇಳಿಯುವುದು. ತುಂಬಿದ ಲಾರಿ ಕರಾವಳಿಗೆ ಇಳಿಯುತ್ತದೆ, ಏರಿ ಬರುವಾಗ ಹಗುರಾಗಿರುತ್ತದೆ. ಮಾರುಕಟ್ಟೆ ನೆತ್ತಿಯ ಮೇಲೆ ಕುಳಿತಿರುತ್ತದೆ, ಬುಡದ ಊರಿನವರು ಹೊರೆ ಹೊತ್ತು ಅದಕ್ಕೆ ಏರಬೇಕು ಎಂಬ ಚಿತ್ರ ನನ್ನ ಕಣ್ಣಿಗೆ ಬಂದೇ ಇರಲಿಲ್ಲ. ಬರೆದುಕೊಂಡದ್ದನ್ನೂ ಕಾಣದೆ, ಪರದೇಶದ ಪರ್ವತವನ್ನು ನಮ್ಮ ಘಟ್ಟದಂತೆ ಓದಿದ್ದೆ.

"ಲೋಡ್ ಗಾಡಿ ಘಟ್ಟ ಹತ್ತೂದು ಅಂದ್ರ ಆಟ ಅಲ್ರಿ," ಎಂದ ಚಾಲಕ. "ಮುಂದ ಮಣ್ಣು ಕುಸದ್ರ ಮುಗೀತು. ಹೋಗಾಕ ದಾರಿ ಇಲ್ಲ, ತಿರುಗಸಾಕ ಜಾಗ ಇಲ್ಲ. ನಾ ಒಮ್ಮೆ ಹಂಗ ಸಿಕ್ಕೊಂಡಿದ್ನಿ. ಗಾಡ್ಯಾಗ ಸೌತಿಕಾಯಿ ಇದ್ದುವು. ದಾರಿ ಬಿಡೂದ್ರಾಗ ಹಣ್ಣಾಗಿ ಬೀಜಕ್ಕ ಬಂದಿದ್ದುವು."

"ಬೀಜ ಅಂದ ಮ್ಯಾಲ ನನ್ನ ಹಂತ್ಯಾಕ ತರಬೇಕಿತ್ತಲ್ಲೋ ಮಾರಾಯಾ," ಎಂದರು ಬೀಜದ ರೈತರು. ಎಲ್ಲರೂ ನಕ್ಕರು.

ಚಾಚಾ ನಗಲಿಲ್ಲ. ಕೆಳಗೆ ಉರುಳಿದ್ದ ಸೇರನ್ನು ನೇರ ಮಾಡಿಟ್ಟು ಕೇಳಿದರು: "ಬಾಗಲೂರಾಗೂ ಮಣ್ಣು ಜಾರತೈತೇನ ಬೇಟಿ?"

"ಜಾರತೈತಿ ಚಾಚಾ. ಆದ್ರ ತಗೀತಾರ."

"ಎಷ್ಟು ದಿನಕ್ಕ ತಗೀತಾರ? ಅಲ್ಲೀತನಕ ಆ ಊರು ಏನ್ ಮಾಡತೈತಿ?"

"ನೋಡಿ ಹೇಳತೇನಿ," ಎಂದೆ. ನೋಡುವ ಅಗತ್ಯವಿರಲಿಲ್ಲ, ಹಾಳೆ ನನ್ನ ತೊಡೆಯ ಮೇಲಿನ ಕಡತದಲ್ಲೇ ಇತ್ತು.

ಹೊರಡುವಾಗ ಚಾಚಾ ಹೇಳಿದ ಮಾತು ಇಷ್ಟೇ: "ನನಗ ನಕಾಶಿ ತಿಳಿಯಂಗಿಲ್ಲ. ನೀ ಓದಿದಾಕಿ, ನೀ ಯಾವ ಕಡೆ ಅಂತೀ ಆ ಕಡೆ ಕೈ ಎತ್ತತೇನಿ. ನಮ್ಮ ಓಣ್ಯಾವರೂ ನನ್ನ ಕೈ ನೋಡೇ ಎತ್ತತಾರ."

ಚಾಚಾ ಅವರ ಓಣಿಯಲ್ಲಿ ಕೆಲವರು ಆಗಲೇ ಬಳ್ಳಿ ಕಡಿದು ಗೋವಿನಜೋಳ ಬಿತ್ತಿದ್ದರು. ಎಲೆತೋಟ ಒಂದು ಹಂಗಾಮಿನ ಬೆಳೆಯಲ್ಲ. ಆಸರೆಯ ಗಿಡ ಬೆಳೆಸಿ, ಬಳ್ಳಿ ಹಬ್ಬಿಸಿ, ಎತ್ತರ ಬೆಳೆದದ್ದನ್ನು ಕೆಳಗಿಳಿಸಿ ಬುಡಕ್ಕೆ ಮಣ್ಣು ಕೊಟ್ಟು, ವರ್ಷಗಟ್ಟಲೆ ಕಾದು ಕೈಗೆ ಬರುವಂಥದು. ಒಮ್ಮೆ ಕಡಿದರೆ ಮತ್ತೆ ಹಬ್ಬಿಸುವವರು ಅಪರೂಪ. ಅವರ ತೋಟ ಉಳಿಯುವುದೋ ಇಲ್ಲವೋ ಎಂಬುದು ಎಲೆ ಹೊತ್ತಿಗೆ ಸರಿಯಾಗಿ ಹೊರಗೆ ಹೋಗುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಆ ಪ್ರಶ್ನೆಯನ್ನು ಅವರು ನನ್ನ ಕೈಗಿಟ್ಟು ಬಸ್ಸು ಹತ್ತಿದರು.

ಉಳಿದವರು ಹೋದ ಮೇಲೆ ಕಡತದ ತಳದ ಆ ಹಾಳೆಯನ್ನು ಅಕ್ಕಾರಿಗೆ ಓದಿ ಹೇಳಿದೆ. ಅವರು ನಿಧಾನವಾಗಿ ಕೇಳಿಸಿಕೊಂಡರು.

"ಇದನ್ನ ಸಭಾದಾಗ ತಗೀಬ್ಯಾಡ ತಂಗಿ," ಎಂದರು. "ಮುಚ್ಚಿಡು ಅನ್ನಾಕತ್ತಿಲ್ಲ ನಾ. ಸಂಬಂಧ ಇಲ್ಲದ್ದು ಅನ್ನಾಕತ್ತೇನಿ. ಆ ಊರಿನ ದಾರ್ಯಾಗ ಗುಡ್ಡ ಐತಿ, ಜಾರತೈತಿ. ತಡಸದ ದಾರ್ಯಾಗ ಗುಡ್ಡ ಎಲ್ಲೈತಿ? ಬಯಲಾಗ ಬಯಲು. ಇಲ್ಲದ ಗುಡ್ಡ ತಂದು ಮಂದಿನ್ನ ಯಾಕ ಅಂಜಸ್ತಿ?"

ಅದು ಒಳ್ಳೆಯ ವಾದವಾಗಿತ್ತು. ನನ್ನ ಕಾಲೇಜಿನ ದಿನಗಳಲ್ಲಿ ಅಂಥ ಖಂಡನೆಗೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ. ಸಮಾಧಾನದಿಂದ ಶಿಗ್ಗಾವಿಯ ಮನೆಗೆ ಮರಳಿದೆ. ಹಗ್ಗ ಬದಲಿಸಿ ಉದ್ದದ್ದೊಂದನ್ನು ತರಬೇಕೆಂದು ಮಾತ್ರ ನೆನಪಿಟ್ಟುಕೊಂಡೆ.

ನನ್ನ ವಾದಕ್ಕೆ ಇನ್ನೊಂದು ಆಧಾರವನ್ನೂ ಸಿದ್ಧಪಡಿಸುತ್ತಿದ್ದೆ. ಸಭೆಗೆ ಮುಂಚಿನ ಮೂರು ದಿನ ಚಾಚಾ ಅವರ ತೋಟದ ಎಲೆಯನ್ನು ಪ್ರಯೋಗಕ್ಕಾಗಿ ತಡಸಕ್ಕೆ ಕಳುಹಿಸುವುದು. ಕೊಯ್ಲು, ಕಟ್ಟು, ಬುಟ್ಟಿ, ಸಣ್ಣ ಟೆಂಪೊ, ತಡಸ, ಲಾರಿ ಹೀಗೆ ಪ್ರತಿ ಹಂತದ ಹೊತ್ತನ್ನು ಬರೆದುಕೊಳ್ಳುವುದು. ಬೆಳಗಿನ ತಂಪಿನಲ್ಲಿ ಎಲೆ ಕೊಯ್ಯುತ್ತಾರೆ. ನೆರಳಲ್ಲಿ ಕುಳಿತು ತೊಟ್ಟು ಸರಿಮಾಡಿ, ಒಂದರ ಮೇಲೊಂದು ಜೋಡಿಸಿ ಕಟ್ಟು ಕಟ್ಟುತ್ತಾರೆ. ಬುಟ್ಟಿಯ ಒಳಗೆ ಬಾಳೆ ಎಲೆ ಹಾಸಿ, ಕಟ್ಟುಗಳನ್ನು ಸುತ್ತಾಗಿ ಪೇರಿಸಿ, ನೀರು ಚಿಮುಕಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ ಹೊಲಿಯುತ್ತಾರೆ. ಅಲ್ಲಿಂದ ಮುಂದೆ ಎಲ್ಲವೂ ಹೊತ್ತಿನೊಡನೆ ಓಟ. ಬುಟ್ಟಿ ನಿಂತಲ್ಲೇ ನಿಂತರೆ ಒಳಗೆ ಕಾವು ಏರುತ್ತದೆ.

ಮೊದಲ ದಿನ ಎಲೆ ಸುಖವಾಗಿ ತಲುಪಿತು. ಎರಡನೆಯ ದಿನ ಇನ್ನೂ ಬೇಗ ತಲುಪಿತು. ನಾನು ಆ ಎರಡು ದಿನಗಳ ಲೆಕ್ಕವನ್ನು ಅಂದವಾಗಿ ಒಂದು ದೊಡ್ಡ ಹಾಳೆಗೆ ಇಳಿಸಿ, ಮೂರನೆಯ ದಿನಕ್ಕೆ ಖಾಲಿ ಜಾಗ ಬಿಟ್ಟಿದ್ದೆ.

ಮೂರನೆಯ ದಿನ, ಅಂದರೆ ಸಭೆಯ ಹಿಂದಿನ ದಿನ, ಬೆಳಗಿನಿಂದಲೇ ಮಳೆ. ನಾನು ಟೆಂಪೊದಲ್ಲಿ ಚಾಚಾ ಅವರ ಜೊತೆ ಕುಳಿತಿದ್ದೆ. ಸವಣೂರು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಸಣ್ಣ ಹಳ್ಳ ಸೇತುವೆಯ ಮೇಲಿಂದ ಹರಿಯುತ್ತಿತ್ತು. ಬೇಸಿಗೆಯಲ್ಲಿ ಅದು ಹಳ್ಳವೆಂದು ಹೇಳಿದರೂ ಯಾರೂ ನಂಬುವುದಿಲ್ಲ. ಎರಡೂ ಬದಿ ಗಾಡಿಗಳು ನಿಂತಿದ್ದವು. ಇಳಿಯಬಹುದೆಂದು ಕಾದೆವು. ಇಳಿಯಲಿಲ್ಲ. ಟೆಂಪೊ ತಿರುಗಿಸಿ ಹಳ್ಳಿಗಳ ನಡುವಿನ ಸುತ್ತು ದಾರಿ ಹಿಡಿದೆವು. ಅಲ್ಲಿ ಕೆಸರಿಗೆ ಒಂದು ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಅದನ್ನು ಎಳೆಸಿ ಹೆದ್ದಾರಿ ಸೇರಿದರೆ, ಕಾಮಗಾರಿಯ ಕಾರಣ ಗಾಡಿಗಳು ಒಂದೇ ಸಾಲಿನಲ್ಲಿ ತೆವಳುತ್ತಿದ್ದವು. ನಾನು ಮೊದಲು ಐದೈದು ನಿಮಿಷಕ್ಕೆ ಹೊತ್ತು ಬರೆದುಕೊಳ್ಳುತ್ತಿದ್ದೆ. ಆಮೇಲೆ ಬರೆಯುವುದನ್ನು ನಿಲ್ಲಿಸಿದೆ.

ಚಾಚಾ ಆಗಾಗ ಹಿಂದಕ್ಕೆ ಹೋಗಿ ಗೋಣಿಯ ಹೊಲಿಗೆಯೊಳಗೆ ಎರಡು ಬೆರಳು ತೂರಿಸಿ ಬರುತ್ತಿದ್ದರು. ಮೂರನೆಯ ಸಲ ಹೋಗಿ ಬಂದು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡರು.

"ಬಿಸಿ ಆಗೇತೇನ್ರಿ ಚಾಚಾ?"

"ಎಲಿಗೂ ಉಸಿರಾಡಬೇಕಲ್ಲ ಬೇಟಿ," ಎಂದರು.

ತಡಸ ಮುಟ್ಟಿದಾಗ ಲಾರಿ ಹೋಗಿ ಬಹಳ ಹೊತ್ತಾಗಿತ್ತು. ಹೆದ್ದಾರಿ ಬದಿಯ ಒಂದು ತಗಡಿನ ಮಾಡಿನಡಿ ಚಾಚಾ ಬುಟ್ಟಿ ಬಿಚ್ಚಿದರು. ಮೇಲಿನ ಸಾಲು ಹಸಿರಾಗಿಯೇ ಇತ್ತು. ಕೈ ಆಳಕ್ಕೆ ಹೋದಂತೆ ಒಳಗಿನಿಂದ ಬೆಚ್ಚಗಿನ ಹಬೆ ಎದ್ದಿತು. ನಡುವಿನ ಕಟ್ಟುಗಳ ಅಂಚು ಕಪ್ಪಾಗಿ, ಎಲೆಗಳು ಒಂದಕ್ಕೊಂದು ಅಂಟಿದ್ದವು. ಅವರು ಒಂದು ಕಟ್ಟು ಬಿಡಿಸಿ, ಕೆಟ್ಟದ್ದನ್ನು ಬದಿಗಿಟ್ಟು, ಒಳ್ಳೆಯದನ್ನು ಮಡಿಲಿಗೆ ಹಾಕಿಕೊಳ್ಳತೊಡಗಿದರು. ನಾನೂ ಕುಳಿತೆ. ನನ್ನ ಕೈ ತಪ್ಪಾಗಿ ಆರಿಸುತ್ತಿತ್ತು. ಅವರು ಸುಮ್ಮನೆ ತಿದ್ದುತ್ತಿದ್ದರು.

"ಒಂದು ದಿನದ ಮಾತು, ಮಳಿ ಬಂತು. ಮಳಿಗೆ ಯಾರೇನು ಮಾಡಾಕಾಗತೈತಿ," ಎಂದರು. "ಅಂಜಬ್ಯಾಡ. ನಾಳೆ ನಿನ್ನ ಕಡೇನ ಕೈ ಎತ್ತತೇನಿ."

ಅವರು ಬೈದಿದ್ದರೆ ನನ್ನ ವಾದ ನನ್ನ ಬಳಿ ಉಳಿಯುತ್ತಿತ್ತೇನೋ. ಬೈಗುಳಕ್ಕೆ ಉತ್ತರ ಕೊಡುವುದನ್ನು ನಾನು ಬಲ್ಲೆ. ಆದರೆ ತಮ್ಮ ಎಲೆ ಕೆಟ್ಟ ಮೇಲೂ ತಮ್ಮ ಕೈಯನ್ನು ನನಗೆ ಒಪ್ಪಿಸುತ್ತಿದ್ದ ಹಿರಿಯರ ಮುಂದೆ, ಅವರು ಕೇಳಿದ ಪ್ರಶ್ನೆಗೆ ಸುಳ್ಳು ಹೇಳದೆಯೇ ಮೋಸ ಮಾಡಿದ್ದೆ ಎಂಬುದು ಸ್ಪಷ್ಟವಾಯಿತು. ತಡಸದ ದಾರಿಯಲ್ಲಿ ಗುಡ್ಡವಿಲ್ಲ ಎಂಬ ಅಕ್ಕಾರ ಮಾತು ನಿಜ. ಗುಡ್ಡವೇ ಬೇಕಿಲ್ಲ, ಹೆಸರಿಲ್ಲದ ಒಂದು ಹಳ್ಳ ಸಾಕು ಎಂಬುದೂ ನಿಜ.

ಮರುದಿನ ಗೋದಾಮು ತುಂಬಿತ್ತು. ಚೀಲಗಳ ಆಂಡಿಸ್ ನೋಡಲು ಮುಂದಿನ ಸಾಲಿಗೆ ನೂಕುನುಗ್ಗಲು. ಈ ಸಲ ಕೊಡ ಚೀಲಗಳ ನೆತ್ತಿಯ ಮೇಲಿತ್ತು. ಹಗ್ಗ ಉದ್ದವಿತ್ತು, ಚೀಲಗಳ ಮೈಗೆ ಅಂಕುಡೊಂಕಾಗಿ ಸುತ್ತಿ ಏರಿತ್ತು.

ನಾನು ಮೊದಲು ನನ್ನ ಪಕ್ಷವನ್ನೇ ಮಂಡಿಸಿದೆ, ಯಾವ ಕೊರತೆಯನ್ನೂ ಮಾಡದೆ. ಬಯಲಿನ ಭತ್ತ ಹೇಗೆ ಗಿರಣಿ ಸೇರುತ್ತದೆ, ದನ ಹೇಗೆ ಲಾರಿ ಏರುತ್ತದೆ, ಸಣ್ಣ ಊರುಗಳು ಒಂದೊಂದಾಗಿ ಮಾಡಲಾಗದ್ದನ್ನು ಬಾಗಿಲ ಊರು ಹೇಗೆ ಮಾಡಿಕೊಟ್ಟಿದೆ ಎಂದು ಹೇಳಿದೆ. ಜನ ತಲೆದೂಗಿದರು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅಕ್ಕಾರು ಮತಕ್ಕೆ ಹಾಕಲು ಎದ್ದು ನಿಂತರು. ಆಗ ನಾನು ಕುಳಿತುಬಿಟ್ಟಿದ್ದರೆ ಪ್ರಸ್ತಾವ ಗೆಲ್ಲುತ್ತಿತ್ತು. ಇದರಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ.

"ಇನ್ನೂ ಒಂದು ಮಾತು ಉಳದೈತಿ ಅಕ್ಕಾರ," ಎಂದೆ. ಬಗ್ಗಿ, ಚೀಲಗಳ ಮೇಲಿಂದ ಹಗ್ಗವನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡೆ.

ಆ ದೇಶದ ಆ ರಸ್ತೆ ಮಳೆಯಲ್ಲಿ ಮುಚ್ಚುತ್ತದೆ ಎಂದು ಹೇಳಿದೆ. ವಾರಗಟ್ಟಲೆ ಮುಚ್ಚಿದ್ದುಂಟು, ಆಗ ಬಯಲಿನ ಸರಕು ಸುತ್ತು ದಾರಿ ಹಿಡಿದು ತಡವಾಗಿ ತಲುಪುತ್ತದೆ, ಹೆಚ್ಚು ದಿನ ತಾಳದ ಸರಕು ಕೆಡುತ್ತದೆ, ಪ್ರವಾಸಿಗರಿಲ್ಲದೆ ಹೋಟೆಲುಗಳು ಬರಿದಾಗುತ್ತವೆ ಎಂದೆ. ಎಲ್ಲ ಬೆಳೆಯೂ ಒಂದೇ ಬಾಗಿಲಿಂದ ಹೋಗುವುದರಿಂದ ಬಾಗಿಲು ಮುಚ್ಚಿದರೆ ಎಲ್ಲರಿಗೂ ಒಟ್ಟಿಗೇ ಪೆಟ್ಟು. ಆ ನಗರ ಸತ್ತಿಲ್ಲ, ಪ್ರತಿ ಸಲ ದಾರಿ ತೆರೆದಿದ್ದಾರೆ, ಅದನ್ನೂ ಮರೆಯಬೇಡಿ ಎಂದೆ. ಕೊನೆಗೆ, ಈ ಸಂಗತಿ ನನಗೆ ಮೊದಲೇ ಗೊತ್ತಿತ್ತು, ಚಾಚಾ ಕೇಳಿದಾಗ ನಾನು ಹೇಳಲಿಲ್ಲ ಎಂದೆ. ನಿನ್ನೆಯ ಎಲೆಯ ಕಥೆ ಹೇಳಿ, ಮೂರನೆಯ ದಿನದ ಜಾಗ ಖಾಲಿಯೇ ಉಳಿದಿದ್ದ ಆ ದೊಡ್ಡ ಹಾಳೆಯನ್ನು ಎತ್ತಿ ತೋರಿಸಿದೆ.

"ಏನ್ ಮಾಡಾಕತ್ತೀ ತಂಗಿ?" ಎಂದು ಅಕ್ಕಾರು ಹಲ್ಲು ಕಚ್ಚಿ ಕೇಳಿದ್ದು ಮುಂದಿನ ಸಾಲಿಗೂ ಕೇಳಿಸಿತು.

ಬೀಜದ ರೈತರು ಎದ್ದರು. ಗೆಲುವು ತಾನಾಗಿ ಕೈಗೆ ಬಂದವರ ಗೊಂದಲ ಅವರ ಮುಖದಲ್ಲಿತ್ತು. "ಅಲ್ರಿ ಮೇಡಂ, ನಾ ಹೇಳಬೇಕಾದ್ದೆಲ್ಲ ನೀವ ಹೇಳಿದ್ರಿ. ಕಾಲೇಜಿನ ಚರ್ಚಾದಾಗ ಹಿಂಗ ಮಾಡಿದ್ರ ಬಹುಮಾನ ಕೊಡತಿದ್ರೇನು?"

"ಹೊರಗ ಹಾಕತಿದ್ರು," ಎಂದೆ. ನಗೆ ಎದ್ದಿತು, ಆದರೆ ಬೇಗ ಅಡಗಿತು.

ಅಕ್ಕಾರು ಕಡೆಯ ಮಾತು ಹೇಳಿದರು. ಅವರದೂ ನ್ಯಾಯದ ಮಾತೇ: "ಅಂಜಿಕೊಂಡು ಕುಂತ್ರ ನಾವು ಯಾವಾಗಲೂ ಸಣ್ಣವರಾಗೇ ಇರತೇವಿ. ಜಾಗಾ ಇವತ್ತು ಐತಿ, ನಾಳೆ ಇರಂಗಿಲ್ಲ. ವಿಚಾರ ಮಾಡಿ ಕೈ ಎತ್ತ್ರಿ."

ಪ್ರಸ್ತಾವದ ಪರ ಇರುವವರು ಕೈ ಎತ್ತಬೇಕೆಂದು ಹೇಳಲಾಯಿತು. ಹಾನಗಲ್ಲಿನವರ ಕೈಗಳು ಏರಿದವು, ಶಿಗ್ಗಾವಿಯವರ ಕೆಲವು ಏರಿದವು. ಚಾಚಾ ನನ್ನ ಮುಖ ನೋಡಿದರು. ನಾನು ಹೌದೆಂದು ಕಣ್ಣು ಮಿಟುಕಿಸಲೂ ಇಲ್ಲ, ಅಲ್ಲವೆಂದು ತಲೆಯಾಡಿಸಲೂ ಇಲ್ಲ. ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತ ನಿಂತೆ. ಅಷ್ಟು ಹೊತ್ತು ಒಂದು ಹಗ್ಗವನ್ನು ನೋಡುವುದು ಎಷ್ಟು ಕಷ್ಟವೆಂದು ಬರೆಯಲಾರೆ. ಅವರ ಹಿಂದೆ ಅವರ ಓಣಿಯವರೆಲ್ಲ ಅವರ ಬಲಗೈ ನೋಡುತ್ತಿದ್ದರು.

ತಲೆಯೆತ್ತಿದಾಗ ಆ ಕೈ ಅವರ ಮೊಣಕಾಲಿನ ಮೇಲೆಯೇ ಇತ್ತು.

ಪ್ರಸ್ತಾವ ಬಿತ್ತು. ನಾನು ಬಹಳ ದಿನ ಕಟ್ಟಿದ್ದ ವಾದ ನನ್ನ ಮುಂದೆಯೇ ಸೋತಿತು. ತಡಸದ ಜಾಗ ಬೇರೆಯವರ ಪಾಲಾಯಿತು. ಅದೇ ಸಭೆಯಲ್ಲಿ, ಬಹಳ ಗದ್ದಲದ ನಂತರ, ಬೇಗ ಕೆಡುವ ಬೆಳೆಗೆ ಮೊದಲ ತಂಪು ಕೊಠಡಿ ಎಂಬ ನಿಯಮ ಮಾಡಿ, ಸವಣೂರಿನಲ್ಲೇ ಒಂದು ಸಣ್ಣ ಕೇಂದ್ರ, ನಂತರ ಹಂಸಭಾವಿಯಲ್ಲಿ ಇನ್ನೊಂದು ಎಂದು ಒಪ್ಪಿದರು. ಸಂಜೆಯ ಲಾರಿ ತೋಟಗಳ ಬಾಯಿಗೇ ಬರುವುದು ಮುಂದುವರಿಯಬೇಕು ಎಂದೂ ಬರೆಸಿದರು. ಸವಣೂರಿನ ಕೇಂದ್ರಕ್ಕೆ ಈವರೆಗೆ ಆಗಿರುವುದು ನಾಲ್ಕು ಕಂಬ ಮತ್ತು ತಗಡಿನ ಮಾಡು ಮಾತ್ರ. ಒಂದೇ ದೊಡ್ಡ ಕೇಂದ್ರವಾಗಿದ್ದರೆ ಕೆಲಸ ಇಷ್ಟು ತಡವಾಗುತ್ತಿರಲಿಲ್ಲ ಎಂದು ಹೇಳುವವರಿದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯಲಾರೆ.

ಚೀಲಗಳನ್ನು ಇಳಿಸುವಾಗ ಅಕ್ಕಾರು ನನ್ನ ಬಳಿ ಬಂದರು. "ನೀನೂ ಸೋತಿ, ನನ್ನೂ ಸೋಲಿಸಿದಿ," ಎಂದರು. ಒಂದು ಚೀಲದ ಕಿವಿ ಹಿಡಿದು ಎಳೆದು ನಿಂತು, "ಇನ್ನ ಮ್ಯಾಲ ಅಂಥಾ ಹಾಳಿ ಸಿಕ್ರ ಮೊದಲ ದಿನಾನ ಎಲ್ಲಾರ ಮುಂದ ಇಡು. ಕಡೀ ದಿನಾ ಅಲ್ಲ," ಎಂದರು. ನಾನು ಆ ಚೀಲದ ಇನ್ನೊಂದು ಕಿವಿ ಹಿಡಿದೆ.

ಚಾಚಾ ಬಸ್ಸಿಗೆ ಹೊರಟಿದ್ದರು. ಕೈ ಎತ್ತಲಿಲ್ಲವಲ್ಲ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: "ನೀ ಯಾವ ಕಡೆ ಅಂತ ಗೊತ್ತಾಗಲಿಲ್ಲ ಬೇಟಿ. ಅದಕ್ಕ ಈ ಸಲ ನಾನ ವಿಚಾರ ಮಾಡಿದ್ನಿ."

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನಲ್ಲಿ ಎಲ್ಲರಿಗೂ ಸೇರಿದ ಯಾವುದಾದರೂ ನಿರ್ಧಾರ ಸಭೆಗೆ ಬರುವುದಿದ್ದರೆ, ಅದಕ್ಕೆ ಮುಂಚೆ ಒಂದು ದಿನ ನೆಲದ ಮೇಲೆ ನಿಮ್ಮ ಊರನ್ನು ಬರೆಯಿರಿ. ಹೊರಗೆ ಹೋಗುವ ಪ್ರತಿ ದಾರಿಗೂ ಒಂದು ಹಗ್ಗ ಹಾಸಿರಿ. ಯಾರ ಬೆಳೆ ಎಲ್ಲರಿಗಿಂತ ಬೇಗ ಕೆಡುತ್ತದೋ ಅವರನ್ನು ಕರೆದು ಮುಂದೆ ಕೂರಿಸಿರಿ. ಆಮೇಲೆ ಒಂದೊಂದೇ ಹಗ್ಗ ಎತ್ತಿ, ನಾಡಿದ್ದು ಏನು ಮಾಡುತ್ತೀರಿ ಎಂದು ಅವರನ್ನೇ ಮೊದಲು ಕೇಳಿರಿ.